ಹಳೆಯ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್

(ಕನ್ನಡ ಕಾರ್ಯಕ್ರಮದ ‘ಮನೆ-ಯಂತ್ರ’ ಮಾತುಕತೆಯ ಬರಹರೂಪ)



2020ರಲ್ಲಿ ಲಾಕ್‌ಡೌನ್ ಬಂದಾಗ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಮೊದಲ ಸಲ ಡೆಸ್ಕ್‌ಟಾಪ್ ಕಂಪ್ಯೂಟರ್ ಬಂತು. ಮಕ್ಕಳ ಪಾಠಕ್ಕೆಂದು ಬಂದದ್ದು. ಪಾಠ ಮತ್ತೆ ಶಾಲೆಗೆ ಹೋಯಿತು, ಕಂಪ್ಯೂಟರ್ ಮನೆಯಲ್ಲೇ ಉಳಿಯಿತು. ಅಂದು ಆರನೆಯ ಕ್ಲಾಸಿನಲ್ಲಿದ್ದ ಹುಡುಗ ಈಗ ಕಾಲೇಜಿನ ಮೆಟ್ಟಿಲು ಹತ್ತಿದ್ದಾನೆ. ‘ಅಪ್ಪಾ, ಇದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸು, ಗೇಮ್ ಆಡೋಕಾಗ್ತಿಲ್ಲ’ ಎನ್ನುತ್ತಾನೆ. ಅಪ್ಪ ಅಂಗಡಿಯಲ್ಲಿ ಬೆಲೆ ವಿಚಾರಿಸಿದರೆ ಅದು ಅರ್ಧ ಕಂಪ್ಯೂಟರಿನ ಬೆಲೆ! ಬಾಡಿಗೆ, ಫೀಸು, ಊರಿಗೆ ಹೋಗಿಬರುವ ರೈಲಿನ ಖರ್ಚು ಎಲ್ಲ ತೂಗಿಸಿ ಉಳಿದ ಹಣದಲ್ಲಿ ಇದನ್ನು ಕೊಳ್ಳಬೇಕು. ತಪ್ಪು ಕಾರ್ಡ್ ತಂದರೆ ಹಣವೂ ಹೋಯಿತು, ಮನೆಯಲ್ಲಿ ಮಾತಿಗೆ ಮಾತೂ ಬೆಳೆಯಿತು. ಆದ್ದರಿಂದ ಇವತ್ತು ಕಡಿಮೆ ಖರ್ಚಿನಲ್ಲಿ ಕಣ್ಣಿಗೆ ಹಿತವಾಗಿ ಆಟ ಆಡಲು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ನೋಡೋಣ. ಈ ಮಾತು ಅಪ್ಪನಿಗೂ ಹೌದು, ಮಗನಿಗೂ ಹೌದು. ಮಗಳು ಕೇಳಿದ್ದರೆ ಮಗಳಿಗೂ ಹೌದು.

ಮೊದಲಿಗೆ, ಈ ಕಾರ್ಡ್ ಮಾಡುವ ಕೆಲಸವೇನು? ನಿಮ್ಮ ಕಂಪ್ಯೂಟರಿನ ಪರದೆ ಎಂದರೆ ಒಂದು ಚುಕ್ಕಿ ರಂಗೋಲಿ. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿವೆ. ಆಟ ನುಣ್ಣಗೆ ಓಡುತ್ತಿದೆ ಎನ್ನಿಸಬೇಕಾದರೆ ಈ ಇಡೀ ರಂಗೋಲಿಯನ್ನು ಸೆಕೆಂಡಿಗೆ 60 ಸಲ ಅಳಿಸಿ ಹೊಸದಾಗಿ ಬಿಡಿಸಬೇಕು. ಅಂದರೆ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಚುಕ್ಕಿಗಳ ಬಣ್ಣ ಲೆಕ್ಕ ಹಾಕಬೇಕು. ಮುಖ್ಯ ಪ್ರೊಸೆಸರ್ ಜಾಣ ಹೌದು, ಆದರೆ ಅದಕ್ಕಿರುವುದು ಕೆಲವೇ ಕೈಗಳು. ಗ್ರಾಫಿಕ್ಸ್ ಚಿಪ್‌ನಲ್ಲಿ ಸಣ್ಣ ಸಣ್ಣ ಲೆಕ್ಕ ಮಾಡುವ ನೂರಾರು, ಸಾವಿರಾರು ಕೈಗಳಿವೆ. ಒಬ್ಬ ಪಂಡಿತನ ಬದಲು ಊರಿನ ಹೆಣ್ಣುಮಕ್ಕಳೆಲ್ಲ ಸೇರಿ ಬೀದಿ ತುಂಬ ರಂಗೋಲಿ ಹಾಕಿದ ಹಾಗೆ.

ಕಾರ್ಡಿಗೆ ತನ್ನದೇ ಮೆಮೊರಿಯೂ ಇರುತ್ತದೆ. ಅದನ್ನು ಅಡಿಗೆಮನೆಯ ಕಟ್ಟೆ ಎಂದುಕೊಳ್ಳಿ. ಬೇಕಾದ ಸಾಮಾನೆಲ್ಲ ಕಟ್ಟೆಯ ಮೇಲೇ ಇದ್ದರೆ ಅಡಿಗೆ ಸರಾಗ. ಕಟ್ಟೆ ಚಿಕ್ಕದಾಗಿ ಪ್ರತಿ ಸಲ ಉಗ್ರಾಣಕ್ಕೆ ಓಡಬೇಕಾದರೆ ಆಟ ಮಧ್ಯೆ ಮಧ್ಯೆ ತಡೆದು ನಿಲ್ಲುತ್ತದೆ. ಇವತ್ತಿನ ದೊಡ್ಡ ಆಟಗಳಿಗೆ 4 ಜಿಬಿ ಸಾಲದು, 6 ಜಿಬಿ ಹಾಗೂ ಹೀಗೂ ಸಾಕು, 8 ಜಿಬಿ ಇದ್ದರೆ ಫುಲ್ ಎಚ್‌ಡಿಯಲ್ಲಿ ಚಿಂತೆ ಕಡಿಮೆ.

ಆದರೆ ಎಚ್ಚರ, ಬರೀ ಜಿಬಿ ನೋಡಿ ಮೋಸಹೋಗಬೇಡಿ. ಅಂಗಡಿಯ ಶೋಕೇಸಿನಲ್ಲಿ ‘4 ಜಿಬಿ ಗ್ರಾಫಿಕ್ಸ್ ಕಾರ್ಡ್’ ಎಂದು ಕಡಿಮೆ ಬೆಲೆಗೆ ಜಿಟಿ 730 ಎಂಬುದನ್ನು ಇಟ್ಟಿರುತ್ತಾರೆ. ಆ ಚಿಪ್ ಬಂದದ್ದು 2014ರಲ್ಲಿ. ಅದು ಎರಡನೆಯ ಮಾನಿಟರ್ ಹಚ್ಚಲು, ಆಫೀಸಿನ ಕೆಲಸಕ್ಕೆ ಇರುವ ಕಾರ್ಡೇ ಹೊರತು ಆಟದ್ದಲ್ಲ. ಕಟ್ಟೆ ದೊಡ್ಡದಿದೆ, ಅಡಿಗೆಯವರೇ ಇಲ್ಲ! ಎಷ್ಟೋ ಕಂಪ್ಯೂಟರುಗಳಲ್ಲಿ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಇದಕ್ಕಿಂತ ಚೆನ್ನಾಗಿರುತ್ತದೆ.

ಇನ್ನೊಂದು ಗೊಂದಲ ಹೆಸರುಗಳದ್ದು. ಮನೆಬಳಕೆಯ ಕಾರ್ಡುಗಳ ಚಿಪ್ ಮಾಡುವವರು ಮುಖ್ಯವಾಗಿ ಮೂವರು. 1999ರಲ್ಲಿ ಜೀಫೋರ್ಸ್ 256 ಎಂಬ ಚಿಪ್ ತಂದು ‘ಜಿಪಿಯು’ ಎಂಬ ಮಾತನ್ನು ಮನೆಮಾತಾಗಿಸಿದ ಎನ್ವಿಡಿಯಾ, 2006ರಲ್ಲಿ ಎಟಿಐ ಕಂಪನಿಯನ್ನು ಕೊಂಡ ಎಎಂಡಿ, ಮತ್ತು 2022ರಲ್ಲಿ ಆರ್ಕ್ ಹೆಸರಿನಿಂದ ಕಣಕ್ಕಿಳಿದ ಇಂಟೆಲ್. ಆಸುಸ್, ಎಂಎಸ್ಐ, ಗಿಗಾಬೈಟ್, ಸ್ಯಾಫೈರ್, ಝೋಟ್ಯಾಕ್ ಮುಂತಾದವರು ಆ ಚಿಪ್ ತಂದು ಫ್ಯಾನು, ಬೋರ್ಡು ಜೋಡಿಸಿ ಮಾರುತ್ತಾರೆ. ಆಟದ ವೇಗ ಹೆಚ್ಚಾಗಿ ಚಿಪ್‌ನಿಂದ ಬರುತ್ತದೆ. ಡಬ್ಬಿಯ ಮೇಲಿನ ಚಿತ್ರದಿಂದಲ್ಲ, ಬಣ್ಣದ ದೀಪದಿಂದಂತೂ ಅಲ್ಲವೇ ಅಲ್ಲ. ಒಂದೇ ಚಿಪ್‌ನ ಎರಡು ಕಾರ್ಡುಗಳಿದ್ದರೆ ಬೆಲೆ, ವಾರಂಟಿ, ನಿಮ್ಮ ಊರಿನಲ್ಲಿ ಸರ್ವಿಸ್ ಇದೆಯೇ ಎಂಬುದನ್ನು ನೋಡಿ ಆರಿಸಿ.

ಇಷ್ಟು ತಿಳಿದಮೇಲೆ ಅಂಗಡಿಗೆ ಹೋಗೋಣವೇ? ಬೇಡ. ಮೊದಲು ಮನೆಯಲ್ಲಿ ಕುಳಿತು ಒಂದು ಹಾಳೆಯ ಮೇಲೆ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಯಾವ ಆಟ ಆಡಬೇಕು? ಯಾವ ಪರದೆಯಲ್ಲಿ ಆಡಬೇಕು?

ವ್ಯಾಲೊರಂಟ್‌ನಂಥ ಆಟಗಳನ್ನು ಸಾಧಾರಣ ಯಂತ್ರಗಳಲ್ಲೂ ಓಡುವಂತೆಯೇ ಬರೆದಿದ್ದಾರೆ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ನಲ್ಲಿಯೇ ಅವು ನಡೆಯುತ್ತವೆ. 2015ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ 5ರಂಥ ಆಟಗಳಿಗೆ ಮಧ್ಯಮ ಕಾರ್ಡ್ ಧಾರಾಳ ಸಾಕು. ಇನ್ನೊಂದು ತುದಿಯಲ್ಲಿ, 2024ರ ಇಂಡಿಯಾನಾ ಜೋನ್ಸ್, 2025ರ ಡೂಮ್: ದಿ ಡಾರ್ಕ್ ಏಜಸ್ ಇವು ರೇ ಟ್ರೇಸಿಂಗ್ ಸೌಲಭ್ಯವಿಲ್ಲದ ಕಾರ್ಡಿನ ಮೇಲೆ ಓಡುವುದೇ ಇಲ್ಲ. ಬೆಳಕಿನ ಕಿರಣ ಎಲ್ಲಿ ಬಿದ್ದು ಎಲ್ಲಿ ಪ್ರತಿಫಲಿಸುತ್ತದೆ ಎಂಬುದನ್ನು ಲೆಕ್ಕಹಾಕುವ ವಿಧಾನಕ್ಕೆ ರೇ ಟ್ರೇಸಿಂಗ್ ಎನ್ನುತ್ತಾರೆ. ಅದಕ್ಕೆ ಚಿಪ್‌ನಲ್ಲೇ ಪ್ರತ್ಯೇಕ ಏರ್ಪಾಡು ಬೇಕು. ಆದ್ದರಿಂದ ‘ಎಲ್ಲ ಆಟಕ್ಕೂ ಆಗುವ ಕಾರ್ಡ್ ಕೊಡಿ’ ಎಂದು ಅಂಗಡಿಯವರನ್ನು ಕೇಳಿದರೆ ಅವರು ದುಬಾರಿಯದನ್ನೇ ತೋರಿಸುತ್ತಾರೆ. ಹುಡುಗ ನಿಜವಾಗಿ ಆಡುವ ನಾಲ್ಕೈದು ಆಟಗಳ ಪಟ್ಟಿ ಮಾಡಲಿ.

ಪರದೆಯ ವಿಷಯವೂ ಹಾಗೆಯೇ. 4ಕೆ ಪರದೆಯಲ್ಲಿ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕಿಗಳಿವೆ. ಹಳೆಯ 1366×768 ಪರದೆಯಲ್ಲಿ ಫುಲ್ ಎಚ್‌ಡಿಯ ಅರ್ಧ ಮಾತ್ರ. ಪರದೆ ಚಿಕ್ಕದಿದ್ದರೆ ಸಣ್ಣ ಕಾರ್ಡೇ ಸಾಕು. ಮಾನಿಟರ್ 60 ಹರ್ಟ್ಸ್‌ನದಾದರೆ ಅದು ಸೆಕೆಂಡಿಗೆ 60 ಚಿತ್ರಗಳನ್ನೇ ತೋರಿಸುವುದು. 150 ಚಿತ್ರ ಕೊಡುವ ಕಾರ್ಡಿಗೆ ಹಣ ಸುರಿದರೆ ಅದರ ಬಹುಪಾಲು ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಈಗ ಕಂಪ್ಯೂಟರಿನ ಡಬ್ಬಿ ತೆರೆಯೋಣ. ಇಲ್ಲಿ ನೋಡಬೇಕಾದ್ದರಲ್ಲಿ ಅತಿ ಮುಖ್ಯವಾದದ್ದು, ಮತ್ತು ನಮ್ಮವರು ಅತಿ ಹೆಚ್ಚು ಕಡೆಗಣಿಸುವುದು, ಪವರ್ ಸಪ್ಲೈ. ನಾವು ರೂಢಿಯಲ್ಲಿ ಎಸ್ಎಂಪಿಎಸ್ ಎನ್ನುತ್ತೇವಲ್ಲ, ಆ ತಗಡಿನ ಪೆಟ್ಟಿಗೆ.

ಗ್ರಾಫಿಕ್ಸ್ ಕಾರ್ಡ್ ಕೂರುವ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಎಸ್ಎಂಪಿಎಸ್‌ನಿಂದ ನೇರವಾಗಿ ಬೇರೆ ವೈರ್ ಬರಬೇಕು. 6 ಪಿನ್ನಿನ ಕನೆಕ್ಟರ್ ಇನ್ನೂ 75 ವ್ಯಾಟ್, 8 ಪಿನ್ನಿನದು 150 ವ್ಯಾಟ್ ಕೊಡಲು ಇರುವಂಥದ್ದು. ಕಡಿಮೆ ಬೆಲೆಯ ಕ್ಯಾಬಿನೆಟ್ ಜತೆಗೆ ಪುಕ್ಕಟೆ ಎಂಬಂತೆ ಬರುವ ಎಸ್ಎಂಪಿಎಸ್‌ಗಳ ಮೇಲೆ ‘450 ವ್ಯಾಟ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಅದನ್ನು ನಂಬಬೇಡಿ, ಪಕ್ಕದ ಸಣ್ಣ ಅಕ್ಷರದ ಪಟ್ಟಿಯನ್ನು ಓದಿ. ಅಲ್ಲಿ 12 ವೋಲ್ಟ್ ಎಂಬಲ್ಲಿ ಎಷ್ಟು ಆಂಪಿಯರ್ ಎಂದಿರುತ್ತದೆ. ಉದಾಹರಣೆಗೆ 18 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ, 216 ವ್ಯಾಟ್. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ನಿಜವಾಗಿ ಸಿಗುವುದು ಅಷ್ಟೇ. ಹೆಸರು 450, ಕೆಲಸಕ್ಕೆ ಬರುವುದು 216!

ಇಂಥ ಎಸ್ಎಂಪಿಎಸ್‌ಗೆ ದೊಡ್ಡ ಕಾರ್ಡ್ ಹಚ್ಚಿದರೆ ಆಟದ ಮಧ್ಯೆ ಕಂಪ್ಯೂಟರ್ ತಟ್ಟನೆ ಆಫ್ ಆಗುತ್ತದೆ. ಅದು ಪುಣ್ಯ ಮಾಡಿದ್ದರೆ. ಇಲ್ಲವಾದರೆ ಎಸ್ಎಂಪಿಎಸ್ ಸುಡುತ್ತದೆ, ಹೋಗುವಾಗ ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜತೆಗೆ ಕರೆದುಕೊಂಡು ಹೋಗಲೂಬಹುದು. ‘8 ಪಿನ್ ಇಲ್ಲವೇ, ಚಿಂತೆ ಇಲ್ಲ ಸಾರ್, ಕನ್ವರ್ಟರ್ ಹಾಕಿಕೊಡ್ತೀನಿ’ ಎಂದು ಹಾರ್ಡ್‌ಡಿಸ್ಕಿನ ವೈರಿಗೆ ಗಂಟುಹಾಕಿ ಕೊಡುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಅಷ್ಟು ಕರೆಂಟನ್ನು ಹೊರುವ ಶಕ್ತಿ ಆ ತೆಳು ವೈರಿಗೆ ಇಲ್ಲ. ಮಲಗುವ ಕೋಣೆಯೇ ಓದುವ ಕೋಣೆಯೂ ಆಗಿರುವ ನಮ್ಮ ಚಿಕ್ಕ ಮನೆಗಳಲ್ಲಿ ವೈರ್ ಸುಡುವುದು ಹುಡುಗಾಟದ ಮಾತಲ್ಲ. ಕಾರ್ಡಿಗೆ ಇಟ್ಟ ಹಣದಲ್ಲೇ ಸ್ವಲ್ಪ ಕಡಿತ ಮಾಡಿ, ಒಳ್ಳೆಯ ಕಂಪನಿಯ ಎಸ್ಎಂಪಿಎಸ್ ಕೊಳ್ಳಿ. ಅದು ಮುಂದಿನ ಎರಡು ಕಾರ್ಡುಗಳಿಗೂ ಬರುತ್ತದೆ.

ಹಾಗೆಯೇ ಯುಪಿಎಸ್. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ತಡೆಯುವುದು ಸುಮಾರು 360 ವ್ಯಾಟ್. ದೊಡ್ಡ ಕಾರ್ಡ್ ಬಂದಮೇಲೆ ಕರೆಂಟು ಹೋದೊಡನೆ ಅದು ಕೈಬಿಡಬಹುದು. ಕರೆಂಟು ಹೋದಾಗ ಆಟ ಮುಂದುವರಿಸದೆ ಕಂಪ್ಯೂಟರ್ ಮುಚ್ಚುವ ರೂಢಿ ಇಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯದಾಗಿ ಜಾಗ. ಸ್ಲಾಟ್ ಇರುವ ಹಿಂಬದಿಯಿಂದ ಕ್ಯಾಬಿನೆಟ್ಟಿನ ಮುಂಭಾಗದವರೆಗೆ ಅಳತೆಪಟ್ಟಿ ಹಿಡಿದು ಎಷ್ಟು ಮಿಲಿಮೀಟರ್ ಇದೆ ನೋಡಿ. ಕಾರ್ಡಿನ ಉದ್ದ ಕಂಪನಿಯ ವೆಬ್‌ಸೈಟಿನಲ್ಲಿ ಇರುತ್ತದೆ. ಆಫೀಸುಗಳಿಂದ ಹೊರಬಂದ ಬ್ರಾಂಡೆಡ್ ಚಿಕ್ಕ ಡಬ್ಬಿಯ ಕಂಪ್ಯೂಟರ್ ನಿಮ್ಮದಾದರೆ ಇನ್ನೂ ಹುಷಾರು. ಅದಕ್ಕೆ ಲೋ ಪ್ರೊಫೈಲ್ ಎಂಬ ಗಿಡ್ಡ ಕಾರ್ಡೇ ಬೇಕು. ಅದರ ಎಸ್ಎಂಪಿಎಸ್ ಕೂಡ ಬೇರೆಯೇ ಆಕಾರದ್ದಾದ್ದರಿಂದ ಬದಲಾಯಿಸುವುದು ಕಷ್ಟ.

ಮೂರನೆಯದು ಪ್ರೊಸೆಸರ್. ಎತ್ತು ಒಂದು ಬಲವಾದದ್ದು, ಇನ್ನೊಂದು ಬಡಕಲು ಆದರೆ ಗಾಡಿ ಓಡುವುದು ಬಡಕಲು ಎತ್ತಿನ ವೇಗದಲ್ಲೇ. ಪರೀಕ್ಷೆ ಸುಲಭ. ಆಟದ ಸೆಟ್ಟಿಂಗಿನಲ್ಲಿ ಚಿತ್ರದ ಗುಣಮಟ್ಟ, ರೆಸಲ್ಯೂಶನ್ ಎರಡನ್ನೂ ಕೆಳಗಿಳಿಸಿ ನೋಡಿ. ವೇಗ ಚೆನ್ನಾಗಿ ಏರಿದರೆ ಅಡ್ಡಿ ಗ್ರಾಫಿಕ್ಸ್‌ನಲ್ಲಿದೆ, ಕಾರ್ಡ್ ತಂದರೆ ಲಾಭವಿದೆ. ಎಷ್ಟು ಇಳಿಸಿದರೂ ವೇಗ ಏರದಿದ್ದರೆ ಅಡ್ಡಿ ಪ್ರೊಸೆಸರಿನಲ್ಲಿದೆ, ಇಲ್ಲವೇ ಮೆಮೊರಿಯಲ್ಲಿದೆ. ಆಗ ಎಷ್ಟೇ ದುಬಾರಿ ಕಾರ್ಡ್ ಹಾಕಿದರೂ ನೀರಿನಲ್ಲಿ ಹೋಮ ಮಾಡಿದಂತೆ.

ನಾಲ್ಕನೆಯದು ಮೆಮೊರಿ, ಅಂದರೆ ರ್‍ಯಾಮ್. ಒಂದೇ 8 ಜಿಬಿ ಪಟ್ಟಿ ಇದ್ದರೆ ಅದೇ ಬಗೆಯ ಇನ್ನೊಂದನ್ನು ಸೇರಿಸಿ. ಎರಡು ಪಟ್ಟಿ ಜೊತೆಯಾದರೆ ದತ್ತಾಂಶ ಹರಿಯುವ ದಾರಿ ಎರಡಾಗುತ್ತದೆ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಈ ಮೆಮೊರಿಯನ್ನೇ ಎರವಲು ಪಡೆದು ಕೆಲಸ ಮಾಡುವುದರಿಂದ, ಕೆಲವು ಆಟಗಳು ಬರೀ ಇಷ್ಟರಿಂದಲೇ ಆಡುವ ಮಟ್ಟಕ್ಕೆ ಬರುತ್ತವೆ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಬಹಳ ಏರಿತು. ಎಐ ಕೇಂದ್ರಗಳು ಮೆಮೊರಿಯನ್ನು ಹಸಿದವರಂತೆ ಕೊಳ್ಳತೊಡಗಿದ್ದೇ ಇದಕ್ಕೆ ಕಾರಣ. ಹಾಗಾಗಿ ಬಳಸಿದ ಡಿಡಿಆರ್4 ಪಟ್ಟಿ ಸಿಕ್ಕರೆ ಪರೀಕ್ಷಿಸಿ ಕೊಂಡರೂ ತಪ್ಪಿಲ್ಲ.

ಇನ್ನು ಯಾವ ಕಾರ್ಡ್? ಬೆಲೆ ವಾರವಾರ ಬದಲಾಗುವುದರಿಂದ ನಾನು ರೂಪಾಯಿ ಲೆಕ್ಕ ಹೇಳುವುದಿಲ್ಲ, ದರ್ಜೆ ಹೇಳುತ್ತೇನೆ.

ಮೊದಲ ದರ್ಜೆ, ಬೇರೆ ಪವರ್ ವೈರ್ ಬೇಡದ ಕಾರ್ಡುಗಳು. 2019ರ ಜಿಟಿಎಕ್ಸ್ 1650 ಇವುಗಳಲ್ಲಿ ಜನಪ್ರಿಯ. 4 ಜಿಬಿ, 75 ವ್ಯಾಟ್. ಇದರಲ್ಲೂ ಕೆಲವು ಮಾಡೆಲ್‌ಗಳಿಗೆ 6 ಪಿನ್ ವೈರ್ ಬೇಕು, ಕೇಳಿ ನೋಡಿ. ಇದಕ್ಕೆ ರೇ ಟ್ರೇಸಿಂಗ್ ಏರ್ಪಾಡಿಲ್ಲ. ಅದಕ್ಕಿಂತ ಮೇಲಿನದು 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ರೂಪ, 70 ವ್ಯಾಟ್. ಚಿಕ್ಕ ಡಬ್ಬಿಯ ಆಫೀಸ್ ಕಂಪ್ಯೂಟರಿಗೆ, ದುರ್ಬಲ ಎಸ್ಎಂಪಿಎಸ್‌ಗೆ ಇದು ಹೇಳಿ ಮಾಡಿಸಿದಂತಿದೆ. ಗಿಡ್ಡ ಮಾಡೆಲ್‌ಗಳೂ ಇವೆ. ನೆನಪಿಡಿ, 2022ರಲ್ಲಿ ಬಂದ 8 ಜಿಬಿಯ ಆರ್‌ಟಿಎಕ್ಸ್ 3050 ಬೇರೆ. ಅದಕ್ಕೆ 130 ವ್ಯಾಟ್ ಬೇಕು, ಅದು ಇನ್ನೂ ಚುರುಕು. ಹೆಸರು ಒಂದೇ, ಕಾರ್ಡ್ ಎರಡು. ಇದೇ ಸಾಲಿನಲ್ಲಿ ಆರ್‌ಎಕ್ಸ್ 6400 ಕಡಿಮೆ ಬೆಲೆಗೆ ಕಂಡೀತು. ಆದರೆ ಅದು ಸ್ಲಾಟಿನ ನಾಲ್ಕು ದಾರಿಗಳನ್ನು ಮಾತ್ರ ಬಳಸುವುದರಿಂದ ಹಳೆಯ ಮದರ್‌ಬೋರ್ಡಿನಲ್ಲಿ ಇನ್ನಷ್ಟು ನಿಧಾನ.

ಎರಡನೆಯ ದರ್ಜೆ, 8 ಪಿನ್ ಇದ್ದವರಿಗೆ. 2021ರಲ್ಲಿ ಬಂದ ಆರ್‌ಎಕ್ಸ್ 6600 ಫುಲ್ ಎಚ್‌ಡಿ ಆಟಕ್ಕೆ ಬಹುಕಾಲ ಹಣಕ್ಕೆ ತಕ್ಕ ಕಾರ್ಡ್ ಎನ್ನಿಸಿಕೊಂಡದ್ದು. 8 ಜಿಬಿ, 132 ವ್ಯಾಟ್, 450 ವ್ಯಾಟ್‌ನ ಒಳ್ಳೆಯ ಎಸ್ಎಂಪಿಎಸ್ ಸಾಕು. ಕಡಿಮೆ ಬೆಲೆಗೆ ಬಳಸಿದ್ದು ಸಿಕ್ಕರೆ ಮೊದಲು ಇದನ್ನೇ ವಿಚಾರಿಸಿ.

ಮೂರನೆಯ ದರ್ಜೆ, 2025ರಲ್ಲಿ ಬಂದ ಆರ್‌ಟಿಎಕ್ಸ್ 5050, 5060, ಆರ್‌ಎಕ್ಸ್ 9060 ಎಕ್ಸ್‌ಟಿ, ಮತ್ತು 2024ರ ಕೊನೆಗೆ ಬಂದ 12 ಜಿಬಿಯ ಇಂಟೆಲ್ ಆರ್ಕ್ ಬಿ580. ಇವು ಒಳ್ಳೆಯವೇ, ಆದರೆ ಕಂಪ್ಯೂಟರ್ ಕೂಡ ಇತ್ತೀಚಿನದಿರಬೇಕು. ಅದರಲ್ಲೂ ಆರ್ಕ್ ಕಾರ್ಡಿಗೆ ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಇರಲೇಬೇಕು, ಹಳೆಯ ಬೋರ್ಡುಗಳಲ್ಲಿ ಅದು ಇರುವುದಿಲ್ಲ.

ಯಾವುದನ್ನು ಬಿಡಬೇಕು? 2016ರ ಜಿಟಿಎಕ್ಸ್ 1050 ಟಿಐ ಒಂದು ಕಾಲಕ್ಕೆ ನಮ್ಮ ಮಧ್ಯಮ ವರ್ಗದ ಕಾರ್ಡ್ ಆಗಿತ್ತು. ಆದರೆ ಆ ಪೀಳಿಗೆಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್ವಿಡಿಯಾ 2025ರ ಅಕ್ಟೋಬರಿನಲ್ಲಿ ನಿಲ್ಲಿಸಿತು. 2028ರ ಅಕ್ಟೋಬರಿನವರೆಗೆ ಸುರಕ್ಷತೆಯ ತಿದ್ದುಪಡಿಗಳು ಮಾತ್ರ. ಮನೆಯಲ್ಲಿದ್ದರೆ ಬಳಸಿ, ಹಣ ಕೊಟ್ಟು ತರಬೇಡಿ.

ಬಳಸಿದ ಕಾರ್ಡಿನ ಸಂತೆ ಎಲ್ಲ ಮಹಾನಗರಗಳಲ್ಲಿದೆ. ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚ್ಚಿ ಸ್ಟ್ರೀಟ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ನಿಮಗೆ ಗೊತ್ತು. ರಜಕ್ಕೆ ಊರಿಗೆ ಹೋದಾಗ ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಒಂದು ಸುತ್ತು ಹಾಕಬಹುದು. ಆದರೆ ದೂರದ ಊರಿನಲ್ಲಿ ಬಳಸಿದ ಮಾಲು ಕೊಂಡರೆ ಕೆಟ್ಟಾಗ ಹಿಂತಿರುಗಿಸುವುದು ಹೇಗೆ ಎಂದು ಯೋಚಿಸಿ.

ಬಳಸಿದ್ದನ್ನು ಕೊಳ್ಳುವಾಗ ಕೆಲವು ನಿಯಮಗಳು. ಓಡುತ್ತಿರುವುದನ್ನು ಕಣ್ಣಾರೆ ನೋಡಿ, ಕನಿಷ್ಠ ಅರ್ಧ ಗಂಟೆ ಭಾರದ ಆಟವೋ ಪರೀಕ್ಷಾ ತಂತ್ರಾಂಶವೋ ಓಡಲಿ. ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳು, ಗೀರುಗಳು ಮೂಡಿದರೆ ನಮಸ್ಕಾರ ಹೇಳಿ ಎದ್ದುಬನ್ನಿ. ಫ್ಯಾನ್ ಗೊರಗುಟ್ಟುತ್ತಿದೆಯೇ ಕೇಳಿ. ಬಿಲ್ ಕೇಳಿ, ಹಿಂಬದಿಯ ಸೀರಿಯಲ್ ನಂಬರಿನಿಂದ ವಾರಂಟಿ ಉಳಿದಿದೆಯೇ ಎಂದು ಕಂಪನಿಯಲ್ಲಿ ವಿಚಾರಿಸಿ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ಮೈನಿಂಗ್ ನಿಂತಾಗ, ಹಗಲೂ ರಾತ್ರಿ ದುಡಿದ ಕಾರ್ಡುಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವೇನಲ್ಲ, ಆದರೆ ಫ್ಯಾನೂ ಶಾಖದ ಪೇಸ್ಟೂ ಸವೆದಿರಬಹುದು. ಅದಕ್ಕೆ ತಕ್ಕಂತೆ ಚೌಕಾಸಿ ಮಾಡಿ.

ನಕಲಿ ಕಾರ್ಡುಗಳೂ ಇವೆ. ಯಾವುದೋ ಕಾಲದ ಹಳೆಯ ಚಿಪ್‌ನ ಒಳಗಿನ ತಂತ್ರಾಂಶ ತಿದ್ದಿ ‘1050 ಟಿಐ’ ಎಂದು ಹೆಸರಿಟ್ಟು ಮಾರುತ್ತಾರೆ. ವಿಂಡೋಸ್ ಕೂಡ ಆ ಸುಳ್ಳನ್ನೇ ತೋರಿಸುತ್ತದೆ. ಜಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶ ಇಂಥ ಎಷ್ಟೋ ನಕಲಿಗಳನ್ನು ಹಿಡಿದು, ಹೆಸರಿನ ಹಿಂದೆಯೇ ‘ಫೇಕ್’ ಎಂದು ಬರೆದು ತೋರಿಸುತ್ತದೆ. ಇನ್ನೊಂದು ಸುಳುಹು: ನೀಲಿ ಬಣ್ಣದ ಹಳೆಯ ವಿಜಿಎ ಕಿಂಡಿ. ಜಿಟಿಎಕ್ಸ್ 10 ಸಾಲಿನಿಂದೀಚೆಗೆ ಎನ್ವಿಡಿಯಾ ಚಿಪ್‌ಗಳು ಆ ಸಂಕೇತವನ್ನು ಕೊಡುವುದೇ ಇಲ್ಲ. ಹಾಗಿದ್ದೂ ಕಾರ್ಡಿನ ಮೇಲೆ ಆ ಕಿಂಡಿ ಇದ್ದರೆ ಅನುಮಾನಪಡಿ. ನಿಮ್ಮ ಮಾನಿಟರಿನಲ್ಲಿ ವಿಜಿಎ ಬಿಟ್ಟು ಬೇರೆ ಇಲ್ಲದಿದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಚಿಕ್ಕ ಸಾಧನ ಬೇಕಾಗುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕಾರ್ಡ್ ಕೂರಿಸುವುದು ಮಹಾ ವಿದ್ಯೆಯೇನಲ್ಲ. ಹಳೆಯ ಕಾರ್ಡಿದ್ದರೆ ಅದರ ಡ್ರೈವರ್ ತೆಗೆಯಿರಿ. ಕಂಪ್ಯೂಟರ್ ಮುಚ್ಚಿ, ಪ್ಲಗ್ ಕಿತ್ತು, ಒಮ್ಮೆ ಪವರ್ ಬಟನ್ ಒತ್ತಿ ಉಳಿದ ಕರೆಂಟು ಹೋಗಲಿ. ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟಿ, ಮೈಮೇಲಿನ ಸ್ಥಿರವಿದ್ಯುತ್ ಇಳಿಯುತ್ತದೆ. ಹಿಂಬದಿಯ ತಗಡಿನ ಪಟ್ಟಿ ತೆಗೆದು, ಕಾರ್ಡನ್ನು ನೇರವಾಗಿ ‘ಟಕ್’ ಎನ್ನುವವರೆಗೆ ಒತ್ತಿ, ಸ್ಕ್ರೂ ಬಿಗಿಯಿರಿ. ಬೇಕಾದರೆ ಪವರ್ ವೈರ್ ಹಚ್ಚಿ. ಆಮೇಲೆ ಎಲ್ಲರೂ ಮರೆಯುವ ವಿಷಯ: ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿನ ಕಿಂಡಿಯಿಂದ ಕಿತ್ತು ಹೊಸ ಕಾರ್ಡಿನ ಕಿಂಡಿಗೆ ಹಾಕಿ! ಅಲ್ಲಿಯೇ ಬಿಟ್ಟರೆ ಹೊಸ ಕಾರ್ಡ್ ಸುಮ್ಮನೆ ಕುಳಿತಿರುತ್ತದೆ, ಆಟ ಮೊದಲಿನಂತೆಯೇ ಕುಂಟುತ್ತದೆ. ಕೊನೆಗೆ ಚಿಪ್ ಕಂಪನಿಯ ವೆಬ್‌ಸೈಟಿನಿಂದಲೇ ಡ್ರೈವರ್ ಇಳಿಸಿಕೊಳ್ಳಿ.

ಆಡುವಾಗ ಎಲ್ಲವನ್ನೂ ‘ಅಲ್ಟ್ರಾ’ದಲ್ಲಿ ಇಡಬೇಕಿಲ್ಲ. ನೆರಳಿನ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ, ವೇಗ ಮಾತ್ರ ಏರುತ್ತದೆ. ಎಎಂಡಿ 2021ರಲ್ಲಿ ತಂದ ಎಫ್ಎಸ್ಆರ್ ಎಂಬ ವಿಧಾನ ಚಿಕ್ಕ ಚಿತ್ರ ಬಿಡಿಸಿ ಅದನ್ನು ಜಾಣತನದಿಂದ ಹಿಗ್ಗಿಸುತ್ತದೆ. ಆಟದಲ್ಲಿ ಆ ಸೌಲಭ್ಯ ಇದ್ದರೆ, ಅದರ ಹಿಂದಿನ ಆವೃತ್ತಿಗಳು ಬೇರೆ ಕಂಪನಿಯ ಹಳೆಯ ಕಾರ್ಡಿನಲ್ಲೂ ನಡೆಯುತ್ತವೆ. ಎನ್ವಿಡಿಯಾದ ಡಿಎಲ್ಎಸ್ಎಸ್‌ಗೆ ಆರ್‌ಟಿಎಕ್ಸ್ ಕಾರ್ಡೇ ಬೇಕು. ಕರೆಂಟಿನ ಲೆಕ್ಕವೂ ಇರಲಿ. 132 ವ್ಯಾಟ್‌ನ ಕಾರ್ಡ್ ದಿನಕ್ಕೆ ಎರಡು ಗಂಟೆ ದುಡಿದರೆ ತಿಂಗಳಿಗೆ ಸುಮಾರು 8 ಯೂನಿಟ್. ಮುಂಬಯಿ, ಚೆನ್ನೈಗಳ ಕಡಲ ಗಾಳಿಗೆ ಧೂಳು ಅಂಟಿಕೊಂಡು ಕೂರುತ್ತದೆ, ಮೂರು ತಿಂಗಳಿಗೊಮ್ಮೆ ಮೆತ್ತನೆಯ ಬ್ರಷ್ಷಿನಿಂದ ಫ್ಯಾನ್ ಒರೆಸಿ.

ಕಾರ್ಡ್ ಕೊಳ್ಳಲೇಬಾರದ ಸಂದರ್ಭವೂ ಇದೆ. ಪ್ರೊಸೆಸರ್ ವಿಂಡೋಸ್ 11ಕ್ಕೆ ಅರ್ಹವಲ್ಲದಷ್ಟು ಹಳೆಯದಾದರೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನು ನೆನಪಿಡಿ. ಅಂಥ ಯಂತ್ರಕ್ಕೆ ದೊಡ್ಡ ಮೊತ್ತ ಹಾಕುವ ಬದಲು ಹಣ ಕೂಡಿಡಿ. ಮುಂದೆ ರೈಜನ್ 5 8600ಜಿಯಂಥ, ಒಳಗೇ ಒಳ್ಳೆಯ ಗ್ರಾಫಿಕ್ಸ್ ಇರುವ ಪ್ರೊಸೆಸರಿನ ಯಂತ್ರ ಕೊಂಡರೆ ಕಾರ್ಡಿಲ್ಲದೆಯೂ ಸಾಕಷ್ಟು ಆಟ ನಡೆಯುತ್ತದೆ.

ತಂದೆತಾಯಂದಿರಿಗೆ ಒಂದು ಮಾತು. ‘ಓದಿಗೆ ಬೇಕು’ ಎಂದು ಮಗ ಹೇಳಿದರೆ ನಕ್ಕುಬಿಡಬೇಡಿ. ವಿಡಿಯೋ ಎಡಿಟಿಂಗ್‌ಗೆ, ಬ್ಲೆಂಡರ್‌ನಂಥ ಮೂರು ಆಯಾಮದ ಚಿತ್ರಕಲೆಗೆ ಇದೇ ಕಾರ್ಡ್ ನಿಜವಾಗಿಯೂ ಬೇಕು. ಆದರೆ ಆಟಕ್ಕೆ ಬೇಕಾದ್ದನ್ನು ಆಟಕ್ಕೇ ಎಂದು ಕೇಳುವ ಸಲಿಗೆಯೂ ಮನೆಯಲ್ಲಿರಲಿ. ನಿಮ್ಮ ಕೈಲಾಗುವ ಮೊತ್ತವನ್ನು ಮೊದಲೇ ಹೇಳಿ. ಸ್ಲಾಟು, ವ್ಯಾಟು, ಅಳತೆ, ಬೆಲೆ ಎಲ್ಲವನ್ನೂ ಅವನೇ ಹಾಳೆಯ ಮೇಲೆ ಬರೆದು ತರಲಿ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಪಾಠ ಇದಕ್ಕಿಂತ ಚೆನ್ನಾಗಿ ಕಲಿಯಲು ಬೇರೆ ಅವಕಾಶ ಸಿಗಲಾರದು. ಆ ಹಾಳೆಯಲ್ಲಿ ಎಸ್ಎಂಪಿಎಸ್ ಲೆಕ್ಕ ಇಲ್ಲದಿದ್ದರೆ ಮಾತ್ರ ವಾಪಸು ಕಳಿಸಿ!

ನಿಮ್ಮ ಕಂಪ್ಯೂಟರಿನ ಪ್ರೊಸೆಸರ್, ಎಸ್ಎಂಪಿಎಸ್ ಪಟ್ಟಿಯ ಆಂಪಿಯರ್, ಕ್ಯಾಬಿನೆಟ್ಟಿನ ಅಳತೆ ಇಷ್ಟನ್ನು ಬರೆದು ನಮ್ಮ ಕನ್ನಡ ವಿಭಾಗಕ್ಕೆ ಕಳಿಸಿದರೆ, ಯಾವ ದರ್ಜೆಯ ಕಾರ್ಡ್ ಹೊಂದುತ್ತದೆ ಎಂದು ಮುಂದಿನ ಮಾತುಕತೆಯಲ್ಲಿ ಹೇಳುತ್ತೇವೆ. ಅಲ್ಲಿಯವರೆಗೆ ಜೇಬಿಗೂ ವೈರಿಗೂ ಭಾರವಾಗದಂತೆ ಆಡಿ.